ಗೋಲ್ಡ್‌ಫಿಶ್ ತೊಟ್ಟಿಗೆ ಕಲ್ಲುಸಕ್ಕರೆ

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಈಚೆಗೆ ನಾಲ್ಕು ಗೋಲ್ಡ್‌ಫಿಶ್ ಸತ್ತವು. ಆದರೆ ರೋಗ ಮೀನುಗಳಿಗಲ್ಲ, ಅವುಗಳಿಗೆ ಔಷಧಿ ಹಾಕಿದವರಿಗೆ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು.

ಔಷಧಿ ಹಾಕಿದವರು ರಂಗಸ್ವಾಮಿಯವರು. ಎಪ್ಪತ್ತು ದಾಟಿದ ಹಿರಿಯರು. ಚಾಮರಾಜನಗರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ದೀಪಾ ಅವರನ್ನು ಪುಣೆಗೆ ಕರೆದುಕೊಂಡು ಬಂದಳು. ದೀಪಾ, ಅವಳ ಗಂಡ ನವೀನ, ಇಬ್ಬರದೂ ಮಗರಪಟ್ಟಾದಲ್ಲಿ ಕೆಲಸ. ಬೆಳಿಗ್ಗೆ ಬಿಬವೇವಾಡಿಯ ಟ್ರಾಫಿಕ್ಕಿಗೆ ಇಳಿದರೆ ಕತ್ತಲಾದ ಮೇಲೆಯೇ ಮನೆ. ಹಗಲೆಲ್ಲ ಅಲ್ಲಿ ರಂಗಸ್ವಾಮಿಯವರು ಮತ್ತು ಹಾಲ್‌ನ ಮೂಲೆಯ ಗಾಜಿನ ತೊಟ್ಟಿ, ಇಬ್ಬರೇ.

ಮೀನು ತಂದವನು ನವೀನ. ಮೀನು ನೋಡುತ್ತಿದ್ದರೆ ಸ್ಟ್ರೆಸ್ ಕಡಿಮೆಯಾಗುತ್ತದೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರಂತೆ. (ಸ್ಟ್ರೆಸ್ ಕೊಡುವವರೇ ಉಪಾಯವನ್ನೂ ಹೇಳಿಕೊಡುತ್ತಾರೆ, ಎಂಥ ಅನುಕೂಲ ನೋಡಿ.) ಸ್ವಲ್ಪ ದಿನ ನೋಡಿದ. ಆಮೇಲೆ ಬೇಸರ ಬಂತು. ಮೀನುಗಳು ಮಾವನ ಪಾಲಿಗೆ ಬಂದವು.

ಅಲ್ಲಿಯವರೆಗೆ ಆ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವುದೂ ಕಷ್ಟವಿತ್ತು. ಸಂಜೆ ಸೊಸೈಟಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಅಕ್ಕಪಕ್ಕದ ಆಜೋಬಾಗಳು, ಅಂದರೆ ಅಜ್ಜಂದಿರು, ಮರಾಠಿಯಲ್ಲಿ ಮಾತಾಡುವರು, ಇವರು ಸುಮ್ಮನೆ ನಗುವರು. ಭಾಷೆ ಬಾರದ ಊರಿನಲ್ಲಿ ಮುಖದ ಮೇಲೆ ನಗು ಹಿಡಿದುಕೊಂಡು ಕೂರುವುದು ಎಷ್ಟು ದಣಿವಿನ ಕೆಲಸ ಅನ್ನುವುದು ನನಗೆ ಗೊತ್ತು. ಮದುವೆಯಾಗಿ ವಿಜಯಪುರದಿಂದ ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಕೂತವಳು.

ಮೀನು ಕೈಗೆ ಬಂದ ಮೇಲೆ ರಂಗಸ್ವಾಮಿಯವರಿಗೆ ಮಾತು ಬಂತು. ಗೇಟಿನ ಹತ್ತಿರ ಸಿಕ್ಕರೆ ಸಾಕು, ವರದಿ ಶುರು. "ಅಮ್ಮಾ, ಕೆಂಪನೆಯವನು ಇವತ್ತು ಊಟ ಬಿಟ್ಟಿದಾನೆ ಕಣಮ್ಮ. ದಪ್ಪಗಿರೋನು ಮಾತ್ರ ಎಲ್ಲರ ಪಾಲೂ ತಿಂತಾನೆ." ಮೊಮ್ಮಕ್ಕಳ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ನಾನೂ ಕೇಳುತ್ತಿದ್ದೆ.

ಒಂದು ದಿನ ಕೆಂಪನೆಯವನ ಮೈಮೇಲೆ ಬಿಳಿ ಚುಕ್ಕೆ ಕಂಡವಂತೆ. ಸಣ್ಣ ರವೆ ಉದುರಿಸಿದ ಹಾಗೆ. ಅಳಿಯನಿಗೆ ತೋರಿಸಿದರೆ ಅವನು ಲ್ಯಾಪ್‌ಟಾಪಿನಿಂದ ಅರ್ಧ ತಲೆ ಎತ್ತಿ, "ಲೈಟ್ ರಿಫ್ಲೆಕ್ಷನ್ ಇರ್ಬೇಕು ಮಾವ" ಅಂದ. ಲೈಟು ಆರಿಸಿ ನೋಡಿದರು. ಚುಕ್ಕೆ ಅಲ್ಲೇ ಇತ್ತು. ಮರುದಿನ ಉಳಿದ ಮೂವರ ಮೇಲೂ ಬಂತು. ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು, ರೆಕ್ಕೆ ಮಡಚಿಕೊಂಡು ತಳಕ್ಕೆ ಕೂತವು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಂತ ಹಳೆಯ ಕಾಂಪೌಂಡರಿಗೆ ಹೊಳೆಯಿತು. ಹೊಳೆದದ್ದು ಸರಿಯಾಗಿಯೇ ಇತ್ತು, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಮನೆಯಲ್ಲಿ ರೋಗವನ್ನು ರೋಗ ಅಂತ ಗುರುತಿಸಿದವರು ಅವರೊಬ್ಬರೇ.

ಯಾರಿಗೂ ಕಾಯದೆ ತಾವೇ ಮಾರ್ಕೆಟ್ಟಿನ ಸಾಕುಮೀನಿನ ಅಂಗಡಿಗೆ ಹೋಗಿ ಬಂದರು. ಪುಣೆಗೆ ಬಂದ ಮೇಲೆ ಒಬ್ಬರೇ ಗೇಟು ದಾಟಿ ಹೋಗಿದ್ದು ಅದೇ ಮೊದಲು. ವಾಪಸು ಬರುವಾಗ ಗೇಟಿನಲ್ಲಿ ನಾನು ಸಿಕ್ಕೆ. ಬಿಸಿಲಿಗೆ ಮುಖ ಕೆಂಪಾಗಿತ್ತು, ಆದರೂ ಖುಷಿ. "ನಾನೇ ಮಾತಾಡ್ಕೊಂಡು ಬಂದೆ ಕಣಮ್ಮ, ಹಿಂದೀಲಿ. ಸ್ಕೂಲಲ್ಲಿದ್ದಾಗ ಹಿಂದಿ ಪರೀಕ್ಷೆ ಕಟ್ಟಿದ್ದೆ, ಎಲ್ಲಾ ನೆನಪಿದೆ." "ಭಾಳ ಚಲೋ ಆತ್ರಿ" ಅಂದೆ ನಾನು.

ಅಲ್ಲಿಗೆ ಖುಷಿ ಮುಗಿಯಿತು.

ಮರುದಿನ ಬೆಳಿಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಸಂಜೆ ದೀಪಾ ಆಫೀಸಿನಿಂದ ಬರುವ ಹೊತ್ತಿಗೆ ನಾಲ್ಕೂ ತೇಲುತ್ತಿದ್ದವು. ತೊಟ್ಟಿಯ ಪಕ್ಕದಲ್ಲಿ ಒಂದು ಮಗ್ಗು, ಒಂದು ಚಮಚ, ಅರ್ಧ ಖಾಲಿಯಾದ ಕಲ್ಲುಸಕ್ಕರೆ ಪೊಟ್ಟಣ.

"ಅಪ್ಪಾ, ಇದೇನಪ್ಪಾ ಇದು?"

"ಅಂಗಡಿಯೋನೇ ಹೇಳಿದ್ದು ಕಣಮ್ಮ. ಕಲ್ಲುಸಕ್ಕರೆ ಕರಗಿಸಿ ಹಾಕು ಅಂತ."

ದೀಪಾ ನವೀನನ ಮುಖ ನೋಡಿದಳು. ನವೀನ ದೀಪಾಳ ಮುಖ ನೋಡಿದ. ಡಯಾಗ್ನೋಸಿಸ್ ಮುಗಿಯಿತು. (ಇದನ್ನೆಲ್ಲ ಆಮೇಲೆ ದೀಪಾಳೇ ಬಂದು ನನಗೆ ಹೇಳಿದ್ದು.) ಮೀನಿಗೆ ಕಲ್ಲುಸಕ್ಕರೆ ಹಾಕುವುದು, ಕೇಳಿದರೆ ಅಂಗಡಿಯವನು ಹೇಳಿದ ಅನ್ನುವುದು. ಮರೆವಿನ ಕಾಯಿಲೆ ಶುರುವಾಗಿದೆ, ಇನ್ನೇನು ಬೇಕು?

ಒಂದು ಸಲ ಹಾಗಂದುಕೊಂಡರೆ ಸಾಕಲ್ಲ, ಸಾಕ್ಷಿಗಳು ತಾವಾಗಿ ಬಂದು ಸಾಲಾಗಿ ನಿಲ್ಲುತ್ತವೆ. ಬಾತ್‌ರೂಮಿನ ಲೈಟು ಆರಿಸಿರಲಿಲ್ಲ. ನವೀನನನ್ನು ಒಮ್ಮೆ ಮಗನ ಹೆಸರಿಂದ ಕರೆದಿದ್ದರು. ಕೊಡೆಯನ್ನು ಬೆಂಚಿನ ಮೇಲೆ ಬಿಟ್ಟು ಬಂದಿದ್ದರು. (ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ನನ್ನನ್ನು ಇವರು ಎಲ್ಲಿಗೆ ಸೇರಿಸುತ್ತಿದ್ದರೋ.) ಊರಿನಲ್ಲಿರುವ ದೀಪಾಳ ಅಣ್ಣ ಫೋನಿನಲ್ಲಿ, "ನಂಗೆ ಮೊದ್ಲಿಂದಾನೂ ಡೌಟಿತ್ತು" ಅಂದನಂತೆ. ದೂರದಲ್ಲಿರುವವರಿಗೆ ಯಾವಾಗಲೂ ಮೊದಲಿಂದಲೇ ಡೌಟಿರುತ್ತದೆ.

ವಿಮಾನ ನಗರದ ನ್ಯೂರಾಲಜಿಸ್ಟ್ ಒಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಆಫೀಸಿಗೆ ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿಡತೊಡಗಿದರು. ಬಾಗಿಲಿನ ಕೀ ರಂಗಸ್ವಾಮಿಯವರ ಕೈಯಿಂದ ಹೋಯಿತು. ದೀಪಾ ನಮ್ಮ ಮನೆಗೆ ಬಂದು, "ಆಂಟಿ, ಹೊರಗಿಂದ ಲಾಕ್ ಮಾಡ್ಕೊಂಡು ಹೋಗ್ತಿದೀವಿ. ಅಪ್ಪ ಎಲ್ಲಾದ್ರೂ ಹೋಗ್ಬಿಟ್ರೆ ಕಷ್ಟ ಅಲ್ವಾ. ಒಂದು ಕೀ ನಿಮ್ ಹತ್ರ ಇರ್ಲಿ, ಮಧ್ಯೆ ಮಧ್ಯೆ ನೋಡ್ತೀರಾ ಪ್ಲೀಸ್?" ಅಂತ ಕೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿದ್ದವು. ಕೆಟ್ಟ ಹುಡುಗಿಯಲ್ಲ ಅವಳು. ಅಪ್ಪ ಅಂದರೆ ಜೀವ.

ಮಧ್ಯಾಹ್ನ ಚಹಾ ಮಾಡಿಕೊಂಡು ಹೋದೆ. ಹೊರಗಿನಿಂದ ಕೀಲಿ ತೆಗೆದು ಒಬ್ಬ ಹಿರಿಯರ ಮನೆಯೊಳಗೆ ಹೋಗುವುದಿದೆಯಲ್ಲ, ಅಂಥ ಸಂಕೋಚ ಯಾರಿಗೂ ಬೇಡ. ರಂಗಸ್ವಾಮಿಯವರು ತೊಳೆದಿಟ್ಟ ಖಾಲಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನೋಡಲು ಅಲ್ಲೇನೂ ಇರಲಿಲ್ಲ.

ಚಹಾ ಕೊಟ್ಟು ಕೇಳಿದೆ. "ಆ ಅಂಗಡ್ಯಾಂವ ಖರೇನ ಸಕ್ಕರಿ ಹಾಕು ಅಂದನೇನ್ರಿ?"

"ಹೌದು ಕಣಮ್ಮ. ಯಾರೂ ನಂಬ್ತಿಲ್ಲ."

"ಅಂವ ಹೆಂಗ ಅಂದ, ಅವನ ಮಾತಿನಾಗ ಹೇಳ್ರಿ ನೋಡೂಣು."

ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸಿದಂತೆ ಒಪ್ಪಿಸಿದರು. "ಅಂಕಲ್, ಆಧಾ ಪಾನಿ ಬದಲೋ. ಹೀಟರ್ ತೀಸ್ ಪೇ ರಖೋ. ಔರ್ ಖಡಾ ಮೀಠಾ ಡಾಲೋ, ಪಹಲೇ ಮಗ್ಗೇ ಮೇ ಘೋಲ್‌ಕೇ." ಆಮೇಲೆ ಕಣ್ಣು ತೆರೆದು ಅರ್ಥ ಬಿಡಿಸಿದರು. "ಅರ್ಧ ನೀರು ಬದಲಿಸು, ಹೀಟರ್ ಮೂವತ್ತಕ್ಕಿಡು, ಆಮೇಲೆ ಮಗ್ಗಲ್ಲಿ ಕರಗಿಸಿ ಹಾಕು ಅಂದ. ಖಡಾ ಅಂದ್ರೆ ಗಟ್ಟಿ, ಮೀಠಾ ಅಂದ್ರೆ ಸಿಹಿ. ಗಟ್ಟಿ ಸಿಹಿ ಅಂದ್ರೆ ಕಲ್ಲುಸಕ್ಕರೆ ತಾನೆ? ನಮ್ಮ ಆಸ್ಪತ್ರೇಲೂ ಸುಸ್ತಾಗಿ ಬಂದೋರಿಗೆ ಮೊದ್ಲು ಗ್ಲೂಕೋಸೇ ಏರಿಸ್ತಿದ್ವಿ. ಅದಕ್ಕೆ ನಂಗೂ ಸರಿ ಅನ್ನಿಸ್ತು."

ನನಗೆ ಅಲ್ಲೇ ಎಲ್ಲ ತಿಳಿಯಿತು.

ಮರಾಠಿ ಗೊತ್ತಿಲ್ಲದ ಓದುಗರಿಗೆ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಮೀಠ ಅಂದರೆ ಉಪ್ಪು. ಖಡಾ ಮೀಠ ಅಂದರೆ ಕಲ್ಲುಪ್ಪು. ಮೀನಿನ ಬಿಳಿ ಚುಕ್ಕೆಗೆ ಅಂಗಡಿಯವರು ಮೊದಲು ಹೇಳುವುದೇ ಅದನ್ನು. ಪುಣೆಯ ಅಂಗಡಿಯವರು ಹೊರಗಿನವರ ಮುಖ ನೋಡಿದ ಕೂಡಲೇ ಹಿಂದಿಗೆ ಹೊರಳುತ್ತಾರೆ, ಆದರೆ ಉಪ್ಪು ಮಾತ್ರ ನಾಲಿಗೆಯ ಮೇಲೆ ಮೀಠ ಆಗಿಯೇ ಉಳಿಯುತ್ತದೆ. ಅವರನ್ನೇನು ಅನ್ನುವುದು, ನಮ್ಮ ಮನೆಯಲ್ಲೇ ನನ್ನ ಮಗ ಊಟಕ್ಕೆ ಕೂತರೆ, "ಅವ್ವಾ, ಸಾರಿನಾಗ ಮೀಠ ಕಮ್ಮಿ ಆಗ್ಯದ" ಅನ್ನುತ್ತಾನೆ. ಕೊನೆಯಲ್ಲಿ ಒಂದು ದೀರ್ಘ ಹತ್ತಿದರೆ ಅದೇ ಹಿಂದಿಯ ಸಿಹಿ. ಸ್ಕೂಲಿನಲ್ಲಿ ಹಿಂದಿ ಪರೀಕ್ಷೆ ಕಟ್ಟಿದವರ ಕಿವಿ ಆ ದೀರ್ಘವನ್ನು ತಾನೇ ಹಚ್ಚಿಕೊಂಡಿತು. ಸಕ್ಕರೆ ನೀರಿಗೆ ಬಿತ್ತು, ನೀರು ಕೆಟ್ಟಿತು, ಮೀನುಗಳಿಗೆ ಉಸಿರು ಸಿಗಲಿಲ್ಲ.

ಅಂಗಡಿಯವನ ಮಾತನ್ನು ಒಂದಕ್ಷರ ಬಿಡದೆ, ಹೇಳಿದ ಕ್ರಮದಲ್ಲೇ ಒಪ್ಪಿಸಿದ ಮನುಷ್ಯನಿಗೆ ಮರೆವೇ? ನೀವೇ ಹೇಳಿ.

ಅವರಿಗೆ ವಿಷಯ ಬಿಡಿಸಿ ಹೇಳಿದೆ. ಎದೆಯ ಮೇಲಿನ ಭಾರ ಇಳಿಯಬಹುದು, ನಗಲೂಬಹುದು ಅಂದುಕೊಂಡಿದ್ದೆ. ಅವರು ಖಾಲಿ ತೊಟ್ಟಿಯ ಕಡೆ ನೋಡಿ, "ಹಂಗಾದ್ರೆ ನಾನೇ ಸಾಯಿಸ್ದಂಗಾಯ್ತು" ಅಂದರು. ಚಹಾ ಹಾಗೇ ಆರಿತು.

ಸಂಜೆ ದೀಪಾ, ನವೀನ ಬರುವುದನ್ನೇ ಕಾದಿದ್ದು ಮೇಲೆ ಹೋದೆ. ಹೇಳಿದೆ. ದೀಪಾ ಅಪ್ಪನ ಕೈ ಹಿಡಿದುಕೊಂಡು ಅತ್ತಳು. ನವೀನ ಅಂಗಡಿಗೆ ಫೋನ್ ಮಾಡಿದ. "ಹೋ ಸರ್, ಮೀಠಚ್ ಬೋಲಾ ಥಾ, ನಮಕ್" ಅಂತ, ಉಪ್ಪನ್ನೇ ಹೇಳಿದ್ದೆ ಅಂತ, ಆ ಕಡೆಯಿಂದ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಬಂದದ್ದು ನನಗೂ ಕೇಳಿಸಿತು. ನವೀನ ಫೋನು ಇಟ್ಟ. ಆಮೇಲೆ ಏನಂದ ಗೊತ್ತೇ?

"ಆದ್ರೂ ಆಂಟಿ, ಅಪಾಯಿಂಟ್‌ಮೆಂಟ್ ಹೆಂಗೂ ಸಿಕ್ಕಿದೆಯಲ್ಲ. ಒಂದ್ಸಲ ತೋರಿಸಿಬಿಡೋಣ. ಸೇಫರ್ ಸೈಡ್."

ನನಗೆ ಸಿಟ್ಟು ನೆತ್ತಿಗೇರಿತು. "ಈ ಫೋನು ಅವತ್ತ ಮಾಡಿದ್ರ ಮುಗೀತಿತ್ತಲ್ಲಪಾ. ಅಂಗಡ್ಯಾಂವ ಹೇಳ್ಯಾನ ಅಂತ ಅವರು ಬಾಯಿ ಬಿಟ್ಟು ಹೇಳಿದ್ರು. ಒಬ್ಬರರ ಕೇಳಿದ್ರೇನು ಅವನ್ನ?"

ಉತ್ತರ ಬಂದದ್ದು ಮೂಲೆಯಲ್ಲಿ ಕೂತಿದ್ದ ರಂಗಸ್ವಾಮಿಯವರಿಂದ. "ಬೈಬೇಡಿ ಅಮ್ಮಾ ಅವನ್ನ. ಅವನು ಹೇಳೋದು ಸರಿ. ನಂಗೂ ಈಗೀಗ ನೆನಪು ಸರಿ ಇಲ್ಲ." ಗೇಟಿನಲ್ಲಿ ನಿಂತು ಎಲ್ಲಾ ನೆನಪಿದೆ ಅಂದಿದ್ದ ಬಾಯಿಯೇ ಇದು. ನಾನು ಕೆಳಗಿಳಿದು ಬಂದೆ.

ಮೀನು ಸಾಕುವವರನ್ನು ಕೇಳಿ ನೋಡಿ. ಮೀನು ಸಪ್ಪಗಾಗಿದೆ ಅಂತ ಹೋದರೆ ಅವರು ಔಷಧಿಯ ಬಾಟಲಿಗೆ ಕೈ ಹಾಕುವ ಮೊದಲು ಹತ್ತು ಪ್ರಶ್ನೆ ಕೇಳುತ್ತಾರೆ. ನೀರು ಯಾವಾಗ ಬದಲಿಸಿದಿರಿ? ನಲ್ಲಿ ನೀರೋ, ಟ್ಯಾಂಕರ್ ನೀರೋ? ಹೊಸ ಮೀನು ತಂದು ಬಿಟ್ಟಿರಾ? ತಿನ್ನಲು ಎಷ್ಟು ಹಾಕುತ್ತೀರಿ? ಎಷ್ಟೋ ಸಲ ಮೀನು ಸರಿಯಾಗಿಯೇ ಇರುತ್ತದೆ, ಅದರ ಸುತ್ತಲಿನ ನೀರು ಕೆಟ್ಟಿರುತ್ತದೆ. ಮೀನಿಗೆ ಮಾತು ಬರುವುದಿಲ್ಲ, ಅದಕ್ಕೆ ಅಷ್ಟೆಲ್ಲ ವಿಚಾರಿಸಬೇಕು. ಮಾತು ಬರುವ ಮನುಷ್ಯನನ್ನು ಇಲ್ಲಿ ಒಂದೇ ಪ್ರಶ್ನೆ ಕೇಳಿದರು. ಅವರು ಕೊಟ್ಟ ಉತ್ತರವನ್ನೇ ರೋಗದ ಲಕ್ಷಣ ಮಾಡಿಕೊಂಡರು.

ನಮ್ಮ ಮನೆಗಳಲ್ಲಿ ವಯಸ್ಸಾದವರ ತಪ್ಪು ಈಗ ಬರೀ ತಪ್ಪಾಗಿ ಉಳಿಯುವುದಿಲ್ಲ. ನವೀನ ಮೀಟಿಂಗ್ ಮರೆತರೆ ಬಿಝಿ. ನಾನು ಹಾಲು ಉಕ್ಕಿಸಿದರೆ ಟೆನ್ಷನ್. ಮಕ್ಕಳು ಟಿಫಿನ್ ಡಬ್ಬಿ ಸ್ಕೂಲಿನಲ್ಲಿ ಬಿಟ್ಟು ಬಂದರೆ ಮಕ್ಕಳು. ಎಪ್ಪತ್ತು ದಾಟಿದವರು ಒಂದು ಶಬ್ದ ತಪ್ಪಾಗಿ ಕೇಳಿಸಿಕೊಂಡರೆ ಮಾತ್ರ ಮೊಬೈಲಿನಲ್ಲಿ ಕಾಯಿಲೆಯ ಹೆಸರು ಹುಡುಕುತ್ತೇವೆ. ಪ್ರೀತಿಯಿಂದಲೇ ಹುಡುಕುತ್ತೇವೆ, ಅದೇ ದುಃಖ. ಪ್ರೀತಿಯ ಜೊತೆ ಜಗಳ ಆಡುವುದು ಹೇಗೆ?

ಡಾಕ್ಟರಿಗೆ ತೋರಿಸಿಕೊಂಡು ಬಂದರು. ಚಿತ್ರ ತೋರಿಸಿದರಂತೆ, ಗಡಿಯಾರ ಬರೆಸಿದರಂತೆ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರಂತೆ. ವಯಸ್ಸಿಗೆ ತಕ್ಕಂತೆ ಎಲ್ಲ ಸರಿಯಾಗಿದೆ ಅಂತ ರಿಪೋರ್ಟ್. ದೀಪಾ ಪೇಢೆ ತಂದು ಕೊಟ್ಟಳು. ಬಾಗಿಲಿನ ಕೀ ಅಪ್ಪನ ಕೈಗೆ ವಾಪಸು ಬಂತು, ರೆಗ್ಯುಲೇಟರ್ ಸಿಲಿಂಡರಿಗೆ ವಾಪಸು ಬಂತು. ತೊಟ್ಟಿಗೆ ಹೊಸ ಮೀನುಗಳೂ ಬಂದವು.

ರಂಗಸ್ವಾಮಿಯವರು ಮಾತ್ರ ವಾಪಸು ಬರಲಿಲ್ಲ.

ಹೊಸ ಮೀನುಗಳ ಹತ್ತಿರ ಅವರು ಸುಳಿಯುವುದಿಲ್ಲ. ಕಾಳು ಹಾಕು ಅಂದರೆ "ನೀನೇ ಹಾಕಮ್ಮ, ನಾನು ಹಾಕಿದ್ರೆ ಏನಾಗುತ್ತೋ" ಅನ್ನುತ್ತಾರಂತೆ. ಚಹಾ ಕಾಸಿಕೊಳ್ಳುವ ಮೊದಲು ದೀಪಾಳ ಆಫೀಸಿಗೆ ಫೋನ್ ಮಾಡಿ, ಗ್ಯಾಸ್ ಹಚ್ಚಲಾ ಅಂತ ಕೇಳುತ್ತಾರಂತೆ. ಮಾರ್ಕೆಟ್ಟಿಗೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಬೆಂಚಿನ ಮೇಲೆ ಕೂತಾಗ ಈಗ ಮೊದಲಿನ ನಗುವೂ ಇಲ್ಲ.

ನಿನ್ನೆ ಸಂಜೆ ತರಕಾರಿ ತೆಗೆದುಕೊಂಡು ಬಂದು ಲಿಫ್ಟಿನ ಬಾಗಿಲು ತೆಗೆದರೆ ಒಳಗೆ ಅವರೊಬ್ಬರೇ ನಿಂತಿದ್ದರು. ಬೆರಳು ಬಟನ್‌ಗಳ ಹತ್ತಿರ ಇತ್ತು, ಒತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

"ಯಾಕ್ರಿ, ಇಲ್ಲೇ ನಿಂತೀರಿ?"

"ಏನಿಲ್ಲಮ್ಮ. ನಮ್ದು ಮೂರನೇ ಫ್ಲೋರೇ ಅಲ್ವಾ?"

ಮೂರೇ. ಸರಿಯಾದ ಉತ್ತರ ಗೊತ್ತಿದ್ದ ಮನುಷ್ಯನಿಗೆ ಈ ಪ್ರಶ್ನೆ ಅಂಟಿಸಿದವರು ಯಾರು?