ಇಲಿಮಾವನ ಲಿವರ್

ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಲಿ ಸಾಕುತ್ತಿದ್ದವನನ್ನು ಎಲ್ಲರೂ ಇಲಿಮಾವ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಪಂಜರ ತೊಳೆಯುವುದು, ಹೊಟ್ಟು ಹಾಸುವುದು, ತೂಕ ಬರೆಯುವುದು ಅವನ ಕೆಲಸ. ಈ ಸಲ ನಲವತ್ತು ಇಲಿಗಳಿಗೆ ಜಿಡ್ಡು ತಿನ್ನಿಸಿ ಲಿವರ್‌ನಲ್ಲಿ ಕೊಬ್ಬು ಕಟ್ಟಿಸಬೇಕಿತ್ತು. ಆಮೇಲೆ ಇಪ್ಪತ್ತಕ್ಕೆ, ಸಂಶೋಧನೆ ನಡೆಸುತ್ತಿದ್ದ ಮೇಡಂ ಒಂದು ಗಿಡದ ಎಲೆಯಿಂದ ತೆಗೆದ ಸಾರ, ಉಳಿದ ಇಪ್ಪತ್ತಕ್ಕೆ ಬರೀ ನೀರು. ಮನೆಯಲ್ಲಿ ಹೆಂಡತಿ ಅವನನ್ನು ಬೆಣ್ಣೆಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಇಲ್ಲಿ ಇಲಿಗಳಿಗೆ ಉಪಚಾರವೋ ಉಪಚಾರ.

ಅಷ್ಟರಲ್ಲಿ ಅವನದೇ ಹೊಟ್ಟೆಯ ಸ್ಕ್ಯಾನ್ ಆಯಿತು. ಲಿವರ್ ತುಂಬ ಕೊಬ್ಬು. ಕರಿದದ್ದು ಬಿಡಿ, ದಿನಾ ನಡೆಯಿರಿ, ಸದ್ಯಕ್ಕೆ ಮಾತ್ರೆ ಬೇಡ ಎಂದರು ಡಾಕ್ಟರು. ಮಾತ್ರೆಯನ್ನೇ ಬರೆಯದ ಡಾಕ್ಟರ ಮೇಲೆ ಯಾರಿಗೆ ನಂಬಿಕೆ ಹುಟ್ಟೀತು? ಇವನು ನಡೆದ, ಕರಿದದ್ದನ್ನೂ ಬಿಟ್ಟ, ಆದರೆ ಕಣ್ಣೆಲ್ಲ ಸಾರದ ಬಾಟಲಿಯ ಮೇಲೆ. ಮೊದಲ ದಿನ ಒಂದು ಗುಟುಕು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತು ಇಲಿಗಳ ಪಾಲೂ ಮಾವನ ಹೊಟ್ಟೆಗೆ, ಅವುಗಳ ಬಾಟಲಿಗೆ ಅದೇ ಬಣ್ಣದ ಚಹಾನೀರು. ಬಡಪಾಯಿಗಳಿಗೆ ಕಹಿಯಾದರೂ ತಪ್ಪಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಅವನ ಲಿವರ್ ಕನ್ನಡಿಯಂತಿತ್ತು. ಅದೇ ವಾರ ಇಲಿಗಳನ್ನು ಕೊಯ್ದು ನೋಡಿದರು. ಎಲ್ಲದರ ಲಿವರ್‌ನಲ್ಲೂ ಒಂದೇ ಸಮ ಕೊಬ್ಬು. ಆರು ವರ್ಷದ ದುಡಿಮೆ ನೀರುಪಾಲಾಯಿತೆಂದು ಮೇಡಂ ತಲೆ ಮೇಲೆ ಕೈಹೊತ್ತು ಕೂತರು.

ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು, ನಿವೃತ್ತಿಗೆ ಇನ್ನೆರಡೇ ವರ್ಷ. ಸುಮ್ಮನಿದ್ದರೆ ಒಳ್ಳೆಯ ಔಷಧವೊಂದು ಹುಟ್ಟುವ ಮೊದಲೇ ಸತ್ತಂತೆ. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ತನ್ನ ಎರಡೂ ಸ್ಕ್ಯಾನ್ ವರದಿ ಮೇಜಿನ ಮೇಲಿಟ್ಟು ಎಲ್ಲ ಒಪ್ಪಿಕೊಂಡ. ಬೈಗುಳದ ಜೊತೆ ಒಂದಿಷ್ಟು ಶಹಬ್ಬಾಸ್ ಕೂಡ ಸಿಕ್ಕೀತೆಂಬ ಆಸೆ ಒಳಗೊಳಗೇ ಇತ್ತು.

ಮೇಡಂ ಬೈಯಲಿಲ್ಲ. ವರದಿ ಓದಿ ಪೆನ್ನು ತೆಗೆದರು.

"ಸಾರ ಕುಡಿದಿದ್ದು ಬಿಟ್ರೆ ಇನ್ನೇನಾದ್ರೂ ಮಾಡಿದ್ರಾ?"

"ದಿನಾ ನಡ್ಕೊಂಡೇ ಬರ್ತಿದ್ದೆ ಮೇಡಂ. ಕರಿದದ್ದು ಮುಟ್ಟೇ ಇಲ್ಲ."

ಅವರು ಪೆನ್ನು ಮುಚ್ಚಿದರು.

"ಹಾಗಾದ್ರೆ ಯಾವುದ್ರಿಂದ ವಾಸಿಯಾಯ್ತು ಅಂತ ಬರೀಲಿ? ನೀವೊಬ್ರು ವಾಸಿಯಾದ್ರೆ ಯಾರೂ ಒಪ್ಪಲ್ಲ ಮಾವ. ನಲವತ್ತು ಇಲಿ ಬೇಕು. ಮತ್ತೆ ಮೊದಲಿಂದ."

ಕೆಲಸ ಉಳಿಯಿತು, ಇಲಿಗಳನ್ನು ಅವನಷ್ಟು ಚೆನ್ನಾಗಿ ಕೊಬ್ಬಿಸುವವರು ಬೇರೆ ಯಾರೂ ಇರಲಿಲ್ಲ. ಸಾರ ಮಾತ್ರ ಬೀರುವಿನಲ್ಲಿ ಬೀಗದೊಳಗೆ ಸೇರಿತು. ಮುಂದಿನ ವಾರ ಹೊಸ ಇಲಿಗಳು ಬಂದವು. ಇಪ್ಪತ್ತೆರಡು ವರ್ಷದಲ್ಲಿ ಸತ್ತ ಇಲಿಗಾಗಿ ಅವನು ಎಂದೂ ಅತ್ತವನಲ್ಲ, ಅದು ಕೆಲಸ. ಈ ಸಲ ಒಂದೊಂದನ್ನೇ ಅಂಗೈ ಮೇಲೆತ್ತಿ ತೂಕ ಬರೆಯುವಾಗ ಕಣ್ಣು ಮಂಜಾಯಿತು. ಹಿಂದಿನ ನಲವತ್ತು ಸತ್ತದ್ದು ಯಾವ ಔಷಧಕ್ಕೂ ಅಲ್ಲ, ತನ್ನೊಬ್ಬನಿಂದ. ಇವು ನಲವತ್ತೂ ಸಾಯಬೇಕಾಗಿ ಬಂದದ್ದೂ ತನ್ನಿಂದಲೇ.