ಮಡ್ಡಿ ವಾಲಪ್ ಎಂಬವನ ಊರು

2014ರ ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಾವಿರುವ ಟೂವಾಂಗ್‌ನಿಂದ ಹೊರಟೆವು. ಕಾರಿನಲ್ಲಿ ನನ್ನ ಜೊತೆಗಿದ್ದವರು ಪಕ್ಕದ ಮನೆಯ ಮಾರ್ಗರೆಟ್, ಎಪ್ಪತ್ತೊಂಬತ್ತು ವರ್ಷದ ನಿವೃತ್ತ ನರ್ಸ್. ತೊಡೆಯ ಮೇಲೊಂದು ಬಿಸ್ಕತ್ ಡಬ್ಬಿ. ಅದರಲ್ಲಿ ತಮ್ಮ ತಾತನ ಬಗ್ಗೆ ಮೂವತ್ತು ವರ್ಷ ಕೂಡಿಟ್ಟ ಕಾಗದಗಳು.

ತಾತ ಈ ದೇಶಕ್ಕೆ ಬಂದ ವಾಲಪ್ ಎಂಬ ಇಂಗ್ಲಿಷ್ ವ್ಯಾಪಾರಿ ಎಂದೇ ಅವರ ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಇಂಗ್ಲೆಂಡಿನ ಯಾವ ದಾಖಲೆಯಲ್ಲೂ ಆತ ಸಿಕ್ಕಿರಲಿಲ್ಲ. ಆತ ಬಾಳಿ ಸತ್ತ ಹಳ್ಳಿಗಾಡಿನ ಜಿಲ್ಲೆಯ ಹಳೆಯ ಕಡತಗಳನ್ನು ಅಲ್ಲಿನ ನಾಲ್ಕಾರು ಹಿರಿಯರು ಒಂದು ಕೋಣೆಯಲ್ಲಿ ಕಾಪಾಡಿಕೊಂಡಿದ್ದರು. ನೋಡಿಕೊಳ್ಳುವವರು ಕಡಿಮೆಯಾಗಿ ತಿಂಗಳ ಕೊನೆಗೆ ಅದೂ ಮುಚ್ಚಲಿತ್ತು. ಮಾರ್ಗರೆಟ್‌ಗೆ ಕಣ್ಣು ಮಂಜಾಗಿ ಕಾರು ಓಡಿಸುವಂತಿರಲಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

ಇಪ್ಸ್‌ವಿಚ್‌ವರೆಗಿನ ದಾರಿ ನನಗೆ ದಿನನಿತ್ಯದ್ದು. ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲೇ ನನ್ನ ಕೆಲಸ. ಅದರಾಚೆ ಹೋದದ್ದು ಅದೇ ಮೊದಲು. ಟೂವೂಂಬಾದ ಘಟ್ಟ ಹತ್ತಿದ ಮೇಲೆ ಚಳಿಗಾಲದ ಗಾಳಿ ಚುರುಚುರು ಕೊರೆಯತೊಡಗಿತು. ಇಲ್ಲಿಯವರು ಸರ್ವೋ ಎನ್ನುವ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆವು. ಮಾರ್ಗರೆಟ್ ಮಾಂಸದ ಪೈ ತಿಂದರು, ನಾನು ಚಪಾತಿ, ಶೇಂಗಾ ಚಟ್ನಿಪುಡಿ. ಪರ್ತ್‌ನಲ್ಲಿರುವ ತಮ್ಮ ತಂಗಿ ಹೆಲೆನ್‌ಗೆ ಈ ಹುಡುಕಾಟ ಹಿಡಿಸದು, ಸತ್ತವರನ್ನು ಕೆದಕಬೇಡ ಎನ್ನುತ್ತಾಳೆ ಎಂದು ಅಲ್ಲಿ ಹೇಳಿದರು. ಅಲ್ಲಿಂದ ಮುಂದೆ ಎರಡೂ ಕಡೆ ಉತ್ತ ಕರಿ ಹೊಲ. ಧಾರವಾಡದಿಂದ ಗದಗಿಗೆ ಹೊರಟಂತೆ ಅನ್ನಿಸಿತು ನನಗೆ.

ಸುಮಾರು ಇನ್ನೂರು ಕಿಲೋಮೀಟರ್ ಸಾಗಿ ಹತ್ತು ಗಂಟೆಗೆ ತಲುಪಿದೆವು. ಕೋಣೆಯೆಂದರೆ ರೈಲ್ವೆಯ ಹಳೆಯ ಗೂಡ್ಸ್ ಶೆಡ್. ಕೆನ್ ಎಂಬ ನಿವೃತ್ತ ಗೋಧಿ ಬೆಳೆಗಾರ ಹೀಟರ್ ಹಚ್ಚಿ, ಚಹಾ ಕೊಟ್ಟು, ಕಡತಗಳನ್ನು ತಂದಿಟ್ಟರು. ಚರ್ಚಿನ ನಾಮಕರಣದ ದಾಖಲೆ, ಸ್ಮಶಾನದ ಪಟ್ಟಿ, ಎಲ್ಲ ನೋಡಿದ್ದಾಯಿತು. ಕೊನೆಗೆ ಬಂದದ್ದು ಊರೂರು ತಿರುಗಿ ಬಟ್ಟೆ ಮಾರುವವರ ಪರವಾನಗಿ ಪುಸ್ತಕ. ಅದರಲ್ಲಿ ಗುಮಾಸ್ತ ದುಂಡಗೆ ಬರೆದಿದ್ದ ಹೆಸರು, ಮಡ್ಡಿ ವಾಲಪ್. ಸಹಿಯ ಜಾಗದಲ್ಲಿರುವುದು ಓದಲಾಗದ ಗೀಚು ಎಂದು ಸೂಚಿಪತ್ರದ ಕಾರ್ಡಿನಲ್ಲಿ ನಮೂದಾಗಿತ್ತು.

ಮಾರ್ಗರೆಟ್‌ಗೆ ಕಾಣುತ್ತಿರಲಿಲ್ಲವೆಂದು ನಾನು ಬಗ್ಗಿ ನೋಡಿದೆ.

“ಇದು ಗೀಚಲ್ಲ, ಮಾರ್ಗರೆಟ್. ಇದು ನನ್ನ ಭಾಷೆ,” ಎಂದೆ.

ಕೆನ್ ದೀಪ ಹತ್ತಿರ ಸರಿಸಿದರು. ಹಳೆಯ ಕಾಲದ ಮೋಡಿ ಲಿಪಿಯಂತೆ ಕೂಡಿಸಿ ಬರೆದ ಕನ್ನಡ: ‘ಮಡಿವಾಳಪ್ಪ, ಸಾ॥ ನವಲಗುಂದ’. ನಮ್ಮಜ್ಜನ ಹೊಲದ ಪತ್ರಗಳಲ್ಲೂ ಹೀಗೇ ಇರುತ್ತಿತ್ತು. ‘ಸಾ॥’ ಅಂದರೆ ಇಂಥ ಊರಿನವನು ಎಂದು. ತಾತನ ಹೆಸರು ಮಡಿವಾಳಪ್ಪ, ಊರು ನವಲಗುಂದ, ನನ್ನ ತವರು ಜಿಲ್ಲೆಯದೇ ಎಂದು ಬಿಡಿಸಿ ಹೇಳಿದೆ. ಮಾರ್ಗರೆಟ್ ಒಂದೊಂದು ಅಕ್ಷರದ ಕೆಳಗೂ ನನ್ನ ಬೆರಳು ಇಡಿಸಿ ಮತ್ತೆ ಓದಿಸಿದರು.

“ಹಾಗಾದರೆ ಅವನು ಏನನ್ನೂ ಬಚ್ಚಿಡಲಿಲ್ಲ. ಬರೆದೇ ಇಟ್ಟಿದ್ದ,” ಎಂದರು.

ಕೆನ್ ಹೊಸ ಕಾರ್ಡು ತಂದು ನನ್ನ ಕೈಯಿಂದಲೇ ಕನ್ನಡದಲ್ಲಿ ಹೆಸರು ಬರೆಸಿದರು. ಗೀಚು ಎಂದು ಗುರುತು ಹಾಕಿದ ಕಾರ್ಡುಗಳು ಇನ್ನೂ ಕೆಲವಿವೆ, ಪಂಜಾಬಿ, ತಮಿಳು ಓದುವ ಗೆಳೆಯರು ನಿನಗಿದ್ದಾರಾ ಎಂದು ಕೇಳಿದರು. ಇದ್ದಾರೆ, ಮುಂದಿನ ಶನಿವಾರ ಕರೆತರುತ್ತೇನೆ ಎಂದೆ.

ವಾಪಸು ಬರುವಾಗ, ಘಟ್ಟ ಇಳಿಯುವ ಮುನ್ನ ಕಾರು ನಿಲ್ಲಿಸಲು ಹೇಳಿ ಮಾರ್ಗರೆಟ್ ಪರ್ತ್‌ಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ, ತಡವರಿಸುತ್ತ, ತಾತನ ಪೂರ್ತಿ ಹೆಸರು, ಊರು ಹೇಳಿ, ಅದನ್ನು ಓದಿದವಳು ನಾನೆಂದೂ ತಿಳಿಸಿದರು. ಆಮೇಲೆ ಹೆಲೆನ್ ದನಿ ಬಂತು, ಮೆಲ್ಲಗೆ.

“ಆ ಹುಡುಗಿಯನ್ನು ಕೇಳು, ಆ ಊರಿಗೆ ಹೋಗುವುದು ಹೇಗೆ?”

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದೇ ಗಂಟೆ ಎಂದೆ.