ಒಂದೇ ಕಡೆಗೆ ಬಾಗಿದ ಹಡಗು

ನಿವೃತ್ತಿಯಾದ ಮೂರನೆಯ ತಿಂಗಳಿಗೆ ನಾನೊಂದು ಮರದ ಹಡಗಿನ ಕಿಟ್ ತರಿಸಿಕೊಂಡೆ. ಎರಡು ಕಂಬದ ಹಾಯಿಹಡಗು; ಕಟ್ಟಿ ಮುಗಿಸಿದರೆ ಸುಮಾರು ಒಂದು ಮೊಳ ಉದ್ದ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ಕುಳಿತು, ಬೇರೆಯವರು ಮಾಡಿದ ಲೋಹದ ತುಂಡುಗಳನ್ನು ಅಳೆದು, ಪಾಸು ಫೇಲು ಬರೆದು ಬಂದವಳು ನಾನು. ನನ್ನ ಕೈಯಾರೆ ಏನನ್ನಾದರೂ ಮಾಡಬೇಕು ಅನ್ನುವ ಆಸೆ ಆ ಮೇಜಿನ ಮುಂದೆಯೇ ಹುಟ್ಟಿತ್ತು.

ಪೆಟ್ಟಿಗೆ ತಾರ್ನಾಕದ ನಮ್ಮ ಮನೆಗೆ ಬಂದ ದಿನ, ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಮೊದಲು ಅದರ ಟೇಪನ್ನು ಪರೀಕ್ಷಿಸಿದೆ. ಆಮೇಲೆ ಮರದ ಪಟ್ಟಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿ, ವರ್ನಿಯರ್ ಹಿಡಿದು ಒಂದೊಂದರ ದಪ್ಪ ಅಳೆಯತೊಡಗಿದೆ.

"ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡೂದಿಲ್ಲ ಬಿಡು," ಅಂದರು ನಮ್ಮ ಯಜಮಾನರು.

ಅವರು ಯಾರನ್ನೂ ಅನುಮಾನಿಸದ ಮನುಷ್ಯ. ತರಕಾರಿಯವನು ತುಂಬಿಕೊಟ್ಟ ಚೀಲದೊಳಗೆ ಇಣುಕಿಯೂ ನೋಡದೆ ಮನೆಗೆ ತರುತ್ತಾರೆ. ತಳದಲ್ಲಿ ಎರಡು ಹುಳುಕು ಬದನೆಕಾಯಿ ಇದ್ದೇ ಇರುತ್ತವೆ. ಹೀಗಾಗಿ ನಮ್ಮ ಮನೆಯಲ್ಲಿ ಅನುಮಾನಪಡುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಂದಿದೆ.

ಪಟ್ಟಿಗಳ ಅಂಚು ಹೆರೆಯಲು ಅಂಗೈಯಗಲದ ಒಂದು ರಂದಾ (ಕೀಸುಳಿ), ಎರಡು ಸಣ್ಣ ಅರ, ಚಿಮಟ ಬೇಕಿದ್ದವು. ಉಪಕರಣದ ಅಂಗಡಿಗಳ ಸಾಲೇ ಇರುವ ರಾಣಿಗಂಜಿಗೆ ಹೋದೆ. ಒಂದು ಅಂಗಡಿಯವನು ಎರಡು ರಂದಾ ತೆಗೆದಿಟ್ಟ. ಒಂದು ಹಿತ್ತಾಳೆಯದು, ಮುಖ ಕಾಣುವಷ್ಟು ಹೊಳಪು. ಇನ್ನೊಂದು ಕಪ್ಪು ಕಬ್ಬಿಣದ್ದು, ನೋಡಲು ದರಿದ್ರ. ನಾನು ಹಿತ್ತಾಳೆಯದನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು.

"ಅದನ್ನ ತಗೋಬ್ಯಾಡ್ರಿ ಬಾಯಾರ. ಹೊಳಪಷ್ಟ ಐತಿ. ತಳ ಸಪಾಟ ಇಲ್ಲ."

ತಿರುಗಿ ನೋಡಿದರೆ ನನ್ನ ಹಳೆಯ ಮೇಲಧಿಕಾರಿ.

ಅವರು ರಾಯಚೂರಿನವರು, ನನಗಿಂತ ಐದಾರು ವರ್ಷ ಮೊದಲೇ ನಿವೃತ್ತರಾದವರು. ಅವರು ವಿಭಾಗದ ಮುಖ್ಯಸ್ಥರಾಗಿದ್ದಾಗ ನನ್ನ ಮೇಲೆ ಕಾರ್ಖಾನೆಯ ಆಡಳಿತಕ್ಕೆ ಒಂದು ಹೆಸರಿಲ್ಲದ ಪತ್ರ ಹೋಗಿತ್ತು. ಈಕೆ ಅಳೆಯದೆಯೇ ಸಹಿ ಹಾಕುತ್ತಾಳೆ ಎಂದು ಬರೆದು, ಇಂಥ ದಿನ ಎಂದು ತಿಳಿಸಿದ್ದರು. ಆ ದಿನದ ತುಂಡುಗಳನ್ನೆಲ್ಲ ತಿರುಗಿ ಅಳೆಸಿದರು. ಒಂದರಲ್ಲೂ ದೋಷ ಸಿಗಲಿಲ್ಲ. ಆದರೂ ನನ್ನನ್ನು ಎರಡು ವರ್ಷ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಎಣ್ಣೆ ಡಬ್ಬಗಳ ನಡುವೆ ಕುಳಿತು ನಾನು ಯೋಚಿಸಿದ್ದು ಒಂದೇ: ಬರೆದವರು ಯಾರು? ಪತ್ರ ಟೈಪು ಮಾಡಿದ್ದಾಗಿತ್ತು. ಆದರೆ ಪತ್ರದಲ್ಲಿ ಹೇಳಿದ ಆ ದಿನ ಮಧ್ಯಾಹ್ನ ನನ್ನ ಮೇಜಿನ ಹಿಂದೆ ಹಾದುಹೋದವರು ಇವರೊಬ್ಬರೇ. ಬಾಯಿಬಿಟ್ಟು ಕೇಳಲಿಲ್ಲ. ಇವರ ಬೀಳ್ಕೊಡುಗೆಯ ದಿನ ಹಾರ ಹಾಕುವ ಸರದಿ ಬಂದಾಗ ನೀರು ಕುಡಿಯುವ ನೆಪ ಹೇಳಿ ಎದ್ದುಹೋಗಿದ್ದೆ.

ಈಗ ಅವರು ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ನಿಂತಿದ್ದರು. ತಾವೂ ಹಡಗು ಕಟ್ಟುವುದಾಗಿ, ಇದು ಮೂರನೆಯದೆಂದು ಹೇಳಿದರು. ಅಂಗಡಿಯವನ ಜೊತೆ ತೆಲುಗಿನಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ಆ ಕಪ್ಪು ರಂದಾ ಖರ್ಚಾಗದೆ ಉಳಿದ ಮಾಲು, ಅದನ್ನು ನನ್ನ ತಲೆಗೆ ಕಟ್ಟಲು ಇಬ್ಬರೂ ಸೇರಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹಿತ್ತಾಳೆಯದನ್ನೇ ಕಟ್ಟಿಕೊಡಲು ಹೇಳಿದೆ.

ಅವರಿಗೇನೂ ಬೇಜಾರಾದಂತೆ ಕಾಣಲಿಲ್ಲ. "ಪಟ್ಟಿ ಅಂಟಸೂವಾಗ ಎಡಕ್ಕೊಂದು ಬಲಕ್ಕೊಂದು ಅಂಟಸ್ರಿ. ಒಂದ ಕಡೆ ಪೂರಾ ಮುಗಸಾಕ ಹೋಗಬ್ಯಾಡ್ರಿ," ಅಂದು, ನನ್ನ ರಸೀದಿಯ ಹಿಂದೆ ಫೋನ್ ನಂಬರು ಬರೆದುಕೊಟ್ಟು ಹೋದರು.

ಮನೆಗೆ ಬಂದು ರಂದಾದ ತಳಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ಕಿಟಕಿಯ ಕಡೆ ಹಿಡಿದೆ. ನಡುವೆ ಬೆಳಕು ತೂರಿ ಬಂತು. ತಳ ನಿಜವಾಗಿಯೂ ಸಪಾಟಿರಲಿಲ್ಲ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಎರಡು ದಿನ ತಿಕ್ಕಿ ತಿಕ್ಕಿ ಅದನ್ನು ಸರಿಮಾಡಿಕೊಂಡೆ, ಯಜಮಾನರಿಗೆ ಹೇಳಲಿಲ್ಲ. ಇಷ್ಟಾದ ಮೇಲೆ ಆ ಮನುಷ್ಯನ ಮಾತು ನಿಜವೆಂದು ಒಪ್ಪಬೇಕಿತ್ತಲ್ಲ? ನನ್ನ ತಲೆ ಓಡಿದ್ದೇ ಬೇರೆ ಕಡೆ. ಮೊದಲು ಒಂದು ನಿಜ ಹೇಳಿ ನಂಬಿಸಿ, ಎರಡನೆಯದರಲ್ಲಿ ಕೆಡವುವವರೂ ಇರುತ್ತಾರೆ ಅಂದುಕೊಂಡೆ. ಕಿಟ್ಟಿನ ಜೊತೆ ಬಂದ ಹಾಳೆಯ ಚಿತ್ರಗಳೆಲ್ಲ ಹಡಗಿನ ಬಲಬದಿಯನ್ನಷ್ಟೇ ತೋರಿಸುತ್ತಿದ್ದವು. ಹಾಳೆಯನ್ನು ನಂಬಿ, ಬಲಬದಿಯನ್ನೇ ಮೊದಲು ಮುಗಿಸಲು ಹೊರಟೆ.

ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಮೂತಿಯ ಹತ್ತಿರ ಬಾಗಿಸಿ, ಪಕ್ಕೆಲುಬಿನಂಥ ಅಡ್ಡಹಲಗೆಗಳಿಗೆ ಗುಂಡುಸೂಜಿ ಚುಚ್ಚಿ ಅಂಟಿಸುತ್ತ ಹೋದೆ. ಹನ್ನೊಂದು ದಿನಕ್ಕೆ ಬಲಬದಿ ಪೂರ್ತಿಯಾಯಿತು. ಮೈ ನುಣ್ಣಗೆ ಉಬ್ಬಿ, ಮೀನಿನ ಹೊಟ್ಟೆಯ ಹಾಗೆ ಕಾಣುತ್ತಿತ್ತು. ಯಜಮಾನರು ಎದುರುಮನೆಯವರನ್ನು ಕರೆದು ತೋರಿಸಿದರು. ಗೋಂದು ಒಣಗಿದ ಮೇಲೆ, ಹಳೆಯ ಚಟ, ಮೂತಿಯಿಂದ ಬಾಲದವರೆಗೆ ಒಂದು ದಾರ ಬಿಗಿದು ನೋಡಿದೆ. ಹಡಗಿನ ಬೆನ್ನೆಲುಬು ನಡುವಿನಲ್ಲಿ ದಾರದಿಂದ ನಾಲ್ಕು ಮಿಲಿಮೀಟರ್ ಆಚೆ ನಿಂತಿತ್ತು. ಒಣಗಿದ ಪಟ್ಟಿಗಳೆಲ್ಲ ಸೇರಿ ಅದನ್ನು ತಮ್ಮ ಕಡೆಗೆ ಜಗ್ಗಿ, ಬಿಲ್ಲಿನ ಹಾಗೆ ಬಗ್ಗಿಸಿಬಿಟ್ಟಿದ್ದವು.

ನಾನು ಫೋನ್ ಮಾಡಲಿಲ್ಲ. ರಸೀದಿ ಹುಡುಕಿ ಯಜಮಾನರೇ ಮಾಡಿದರು. "ಸಾಹೇಬ್ರ, ಹಡಗ ಸೊಟ್ಟ ಆಗೇತ್ರಿ. ಈಕಿ ಊಟಾನೂ ಮಾಡವಲ್ಲಳು. ಒಮ್ಮೆ ಬಂದು ನೋಡ್ರಿ," ಎಂದು ಡಾಕ್ಟರನ್ನು ಕರೆದಂತೆ ಕರೆದರು.

ಸಾಹೇಬರ ಮನೆ ಊರಿನ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿ. ಮರುದಿನ ಬೆಳಿಗ್ಗೆಯೇ ಮೆಟ್ರೊ ಹಿಡಿದು ಬಂದರು, ಹೆಗಲಲ್ಲಿ ಉಪಕರಣದ ಚೀಲ. ಅವರು ಬರುವ ಮೊದಲು ಹಿತ್ತಾಳೆ ರಂದಾವನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದೆ. ಅವರು ಹಡಗನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಅದೂ ಅನುಮಾನಕ್ಕೆ ಕಾರಣವಾಯಿತು.

"ಬಿಳಿ ಗೋಂದಲ್ರಿ? ಬಿಸಿನೀರಿನ ಅರಿವಿ ಹಾಕಿದ್ರ ಬಿಡತೈತಿ. ಪಟ್ಟಿ ಎಲ್ಲಾ ಬಿಚ್ಚಬೇಕು," ಅಂದರು.

"ಮರ ಉಬ್ಬಿದ್ರ ಏನ್ ಮಾಡ್ತೀರಿ ಸರ್?"

"ಉಬ್ಬತೈತಿ. ಒಣಗಿದ ಮ್ಯಾಲೆ ಇಳೀತೈತಿ. ನಂದೂ ಮೊದಲನೇ ಹಡಗ ಹಿಂಗ ಆಗಿತ್ರಿ."

ಒಂದಕ್ಕೊಂದು ಅಂಟಿಸಿಟ್ಟ ಎರಡು ಬೇಡದ ಚೂರುಗಳಿದ್ದವು; ಮೊದಲು ಅವುಗಳ ಮೇಲೆ ಮಾಡಿ ತೋರಿಸಿ ಎಂದೆ. ಯಜಮಾನರು ನಾಚಿಕೆಪಟ್ಟು ಒಳಗೆ ಹೋದರು. ಸಾಹೇಬರು ಮಾತ್ರ ಚಹಾ ಕುಡಿಯುತ್ತ, ಒದ್ದೆ ಬಟ್ಟೆ ಸುತ್ತಿದ ಆ ಚೂರಿನ ಮುಂದೆ ಒಂದು ತಾಸು ಸುಮ್ಮನೆ ಕುಳಿತರು. ಗೋಂದು ಬಿಟ್ಟಿತು. ಆಗ ಹಡಗಿಗೆ ಕೈ ಹಾಕಲು ಬಿಟ್ಟೆ.

ಮಧ್ಯಾಹ್ನ ಯಜಮಾನರು ಮೊಸರು ತರಲು ಹೊರಗೆ ಹೋದರು. ನಾನೂ ಸಾಹೇಬರೂ ಮೇಜಿನ ಆಚೆಈಚೆ. ಅವರು ಚಪ್ಪಟೆ ಅಲಗಿನಿಂದ ಒಂದೊಂದೇ ಪಟ್ಟಿ ಎಬ್ಬಿಸುತ್ತಿದ್ದರು, ನಾನು ಅದನ್ನು ಹಿಡಿದು ಪಕ್ಕಕ್ಕಿಡುತ್ತಿದ್ದೆ. ಕೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಂದ ಬಂದುಬಿಟ್ಟಿತು.

"ಸರ್, ನನ್ನ ಮ್ಯಾಲೆ ಪತ್ರ ಬರದೋರು ನೀವ ಏನ್ರಿ?"

ಅವರು ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಪೂರ್ತಿ ಬಿಡಿಸಿ ನನಗೆ ಕೊಟ್ಟರು.

"ಹೌದ್ರಿ. ನಾನ ಬರದೆ. ಅವತ್ತು ನೀವು ಅಳೀಲಿಲ್ಲ. ನಾ ನೋಡಿದೆ."

ಈ ದಿನಕ್ಕೆಂದು ವರ್ಷಗಟ್ಟಲೆ ಕೂಡಿಟ್ಟ ಮಾತುಗಳಿದ್ದವು ನನ್ನ ಬಳಿ. ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಏಕೆಂದರೆ ಅವರು ಹೇಳಿದ್ದು ನಿಜ. ಅವತ್ತು ಹದಿನೆಂಟು ತುಂಡುಗಳಿದ್ದವು, ಆರನ್ನು ಅಳೆದಿದ್ದೆ. ಅಷ್ಟರಲ್ಲಿ ಮಗಳು ಶಾಲೆಯ ಮೆಟ್ಟಿಲ ಮೇಲೆ ಬಿದ್ದು ತಲೆಗೆ ಪೆಟ್ಟಾಗಿದೆ ಎಂದು ಫೋನ್ ಬಂತು. ಉಳಿದ ಹನ್ನೆರಡಕ್ಕೂ ಸಹಿ ಎಳೆದು ಓಡಿದೆ. ಈ ಸಂಗತಿಯನ್ನು ಯಜಮಾನರಿಗೂ ಹೇಳಿರಲಿಲ್ಲ. ಬರೆದವರು ಯಾರೆಂದು ಹುಡುಕುವುದರಲ್ಲಿ, ಬರೆದದ್ದು ಸುಳ್ಳೆಂದು ನಾನೇ ನಂಬಿಕೊಂಡುಬಿಟ್ಟಿದ್ದೆ.

"ಹುಡುಗಿ ಬಿದ್ದಿತ್ರಿ ಸಾಲ್ಯಾಗ," ಅಂದೆ.

"ಆಮ್ಯಾಲೆ ಗೊತ್ತಾತು. ಅಷ್ಟರಾಗ ಪತ್ರ ಹೋಗಿತ್ತು." ಅವರ ದನಿ ಸಣ್ಣದಾಯಿತು. "ಬರದದ್ದು ತಪ್ಪಂತ ನನಗ ಇವತ್ತಿಗೂ ಅನಸೂದಿಲ್ರಿ. ನಮ್ಮ ಕೆಲಸ ಅಂಥಾದ್ದು. ಆದ್ರ ನಿಮ್ಮ ಮುಂದ ನಿಂತು ಕೇಳಬೇಕಿತ್ತು. ಹೆಸರಾದ್ರೂ ಹಾಕಬೇಕಿತ್ತು. ಧೈರ್ಯ ಆಗ್ಲಿಲ್ಲ."

ಎದ್ದು ಹೋಗಿ ಎಂದು ಹೇಳಿಬಿಡುವಷ್ಟು ಸಿಟ್ಟು ಬಂತು. ಆದರೆ ಮೇಜಿನ ಮೇಲೆ ಅರ್ಧ ಬಿಚ್ಚಿದ ಹಡಗು, ಒದ್ದೆ ಪಟ್ಟಿಗಳು. ಹಾಗೆಯೇ ಬಿಟ್ಟರೆ ಎಲ್ಲ ಸೊಟ್ಟ ಒಣಗುತ್ತವೆ. ಮುಂದಿನ ಪಟ್ಟಿಗೆ ಬಟ್ಟೆ ಸುತ್ತಿದೆ. ಮೊಸರು ತಂದ ಯಜಮಾನರು ನಮ್ಮಿಬ್ಬರ ಮುಖ ನೋಡಿ, "ಏನಾತು, ಮುರೀತೇನು?" ಎಂದು ಕೇಳಿದರು. ಇಲ್ಲ ಎಂದೆವು.

ಸಾಹೇಬರು ಹೋದ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ, ಹನ್ನೆರಡು ಸಹಿಗಳ ಲೆಕ್ಕ ಸಮೇತ. "ಆ ಮನಷ್ಯಾನ ಮ್ಯಾಲೆ ನಿನಗ ಡೌಟ್ ಇತ್ತು ಅಂತ ಗೊತ್ತಿತ್ತು. ನನ್ನ ಮ್ಯಾಲೂ ಇತ್ತೇನು, ಹೇಳಲಾರದಂಗ?" ಎಂದು ಕೇಳಿ ಯಜಮಾನರು ಎದ್ದು ಒಳಗೆ ಹೋದರು. ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಪತ್ರಕ್ಕಿಂತ ಅದು ಹೆಚ್ಚು ನೋಯಿಸಿತು.

ಬೆನ್ನೆಲುಬನ್ನು ಎರಡು ಹಲಗೆಗಳ ನಡುವೆ ಬಿಗಿದು ವಾರ ಇಟ್ಟೆವು. ಆಮೇಲೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ. ಸಾಹೇಬರು ಪ್ರತಿ ಗುರುವಾರ ಬರುತ್ತಿದ್ದರು. ಪತ್ರದ ಮಾತು ಮತ್ತೆ ಬರಲಿಲ್ಲ. ಅವರನ್ನು ಕ್ಷಮಿಸಿದೆನೇ ಎಂದರೆ ಗೊತ್ತಿಲ್ಲ. ಅವರು ಕೇಳಲೂ ಇಲ್ಲ. ಅವರು ತಂದ ಬಣ್ಣವನ್ನು ಮೊದಲು ಚೂರಿನ ಮೇಲೆ ಬಳಿದು ನೋಡುತ್ತಿದ್ದೆ, ಅವರೆದುರಿಗೇ. ಅವರು ಒಣಗುವವರೆಗೆ ಕಾಯುತ್ತಿದ್ದರು.

ಮೂರು ತಿಂಗಳಿಗೆ ಹಡಗು ಮುಗಿಯಿತು. ದಾರ ಬಿಗಿದರೆ ಇನ್ನೂ ಒಂದು ಮಿಲಿಮೀಟರ್ ವ್ಯತ್ಯಾಸ ಉಂಟು, ನೋಡುವವರಿಗೆ ಕಾಣುವುದಿಲ್ಲ. ಕೊನೆಯ ಗುರುವಾರ ಅವರು ಅದನ್ನು ಸುತ್ತಲೂ ನೋಡಿ, ಮುಂದಿನ ಕಂಬದ ಒಂದು ಹಗ್ಗ ಸಡಿಲಿದೆ ಅಂದರು. ಇಲ್ಲ, ಬಿಗಿಯಾಗಿಯೇ ಇದೆ ಎಂದೆ. ಅವರು ವಾದಿಸದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಾಗಿಲು ಹಾಕಿ ಬಂದು ಚಿಮಟದಿಂದ ಹಗ್ಗ ಜಗ್ಗಿ ನೋಡಿದೆ. ಸಡಿಲೇ ಇತ್ತು. ಕನ್ನಡಕ ಹಾಕಿಕೊಂಡು ಬಿಚ್ಚಿ ಕಟ್ಟಲು ಕುಳಿತೆ.